ಕೋಲಿನ ಜಾತಕ, ಹುಳುವಿನ ತೂಕ

ಸ್ಪಿನ್ನಿಂಗ್ ರಾಡ್ ಎಂಬ ಗಾಳದ ಕೋಲಿನ ಹಿಡಿಕೆಯಿಂದ ಒಂದು ಗೇಣು ಮೇಲೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅದರ ಜಾತಕವನ್ನೆಲ್ಲ ಬರೆದಿರುತ್ತಾರೆ. ಉದ್ದ ಇಷ್ಟು, ಪವರ್, ಅಂದರೆ ಗಡಸುತನ, ಇಂಥದ್ದು, ಆಕ್ಷನ್, ಅಂದರೆ ಬಗ್ಗುವ ಬಗೆ, ಇಂಥದ್ದು, ಇಷ್ಟು ಪೌಂಡಿನ ದಾರ ಕಟ್ಟಬಹುದು, ಇಷ್ಟು ಔನ್ಸಿನಿಂದ ಇಷ್ಟು ಔನ್ಸಿನವರೆಗೆ ಎಸೆಯಬಹುದು. ಎರಡು ವರ್ಷಗಳ ಕಾಲ ನಾನು ಈ ಕೊನೆಯ ಮಾತನ್ನು ತಪ್ಪಾಗಿ ಓದಿಕೊಂಡೇ ಬ್ಯಾಸ್ ಮೀನು ಹಿಡಿಯಲು ಹೋಗುತ್ತಿದ್ದೆ. ಹೋಗುತ್ತಿದ್ದೆ ಎಂದಷ್ಟೇ ಹೇಳಬಹುದು, ಹಿಡಿಯುತ್ತಿದ್ದೆ ಎನ್ನುವುದು ದೊಡ್ಡ ಮಾತಾಗುತ್ತದೆ. ಮೆತ್ತನೆಯ ಪ್ಲಾಸ್ಟಿಕ್ ಹುಳು ಕಟ್ಟಿ ಎಸೆಯುವುದೊಂದೇ ನನಗೆ ರುಚಿಸಿದ ವಿದ್ಯೆ. ಆ ಒಂದು ವಿದ್ಯೆಗಾಗಿ ಎರಡು ವರ್ಷಗಳಲ್ಲಿ ಮೂರು ಕೋಲು ಕೊಂಡೆ. ಮೊದಲ ಎರಡನ್ನು ಊರೆಲ್ಲ ಬೈದುಕೊಂಡು ತಿರುಗಿದೆ. ಅವು ನಿರಪರಾಧಿಗಳು ಎಂದು ಗೊತ್ತಾದದ್ದು ನೀರಿನ ಹತ್ತಿರ ಅಲ್ಲ, ಅಡುಗೆಮನೆಯಲ್ಲಿ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲನೆಯದನ್ನು ಕೊಂಡಾಗ ನನ್ನ ತಲೆಯಲ್ಲಿ ಇದ್ದದ್ದು ಮೀನು ಮಾತ್ರ. ಲಾರ್ಜ್‌ಮೌತ್ ಬ್ಯಾಸ್ ಎಂದರೆ ನೀರಿನಿಂದ ಮೇಲೆ ಹಾರಿ, ಬಾಯಿ ಅಗಲಿಸಿ, ತಲೆ ಒದರಿ ಕೊಕ್ಕೆಯನ್ನು ಉಗಿದು ಹೋಗುವ ಪ್ರಾಣಿ ಎಂದು ಚಿತ್ರಗಳಲ್ಲಿ ನೋಡಿದ್ದೆ. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದ 22 ಪೌಂಡ್ 4 ಔನ್ಸಿನ ಮೀನು, 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದ ಹೆಚ್ಚುಕಡಿಮೆ ಅದೇ ತೂಕದ ಮೀನು, ಇವೆರಡರ ಕಥೆ ಓದಿದವನಿಗೆ ಸಣ್ಣ ಕೋಲು ಕಣ್ಣಿಗೆ ಬೀಳುತ್ತದೆಯೇ? 6 ಅಡಿ 6 ಇಂಚಿನ, ಮೀಡಿಯಂ ಹೆವಿ ಪವರಿನ ಕೋಲು ತಂದೆ. ಬರೆದಿದ್ದ ತೂಕ 1/4ರಿಂದ 3/4 ಔನ್ಸ್. ಅದಕ್ಕೆ ಕಟ್ಟಿದ್ದು ಬಳಪದಷ್ಟು ಸಣ್ಣಗಿನ, 6 ಇಂಚಿನ ಹುಳು ಮತ್ತು ಅದನ್ನು ಮುಳುಗಿಸಲು 1/16 ಔನ್ಸಿನ ಗುಂಡು. ಎಸೆದರೆ ಕೋಲು ಬಳುಕುತ್ತಲೇ ಇರಲಿಲ್ಲ. ಹುಳು ದೋಣಿಯ ಆಚೆ ನಾಲ್ಕು ಮಾರು ಹೋಗಿ, ಬೇಸರದಿಂದ ಕುಳಿತಂತೆ ನೀರಿಗೆ ಬೀಳುತ್ತಿತ್ತು. ತಳದಲ್ಲಿ ಏನು ನಡೆಯುತ್ತಿದೆ ಎಂಬುದು ಕೈಗೆ ಬರುತ್ತಿರಲಿಲ್ಲ. ಅಪರೂಪಕ್ಕೆ ಮೀನು ಕಚ್ಚಿದ್ದು ಗೊತ್ತಾದರೆ, ಆ ಗಡಸು ಕೋಲಿನಲ್ಲಿ ಕೊಡಲಿ ಬೀಸಿದಂತೆ ಎಳೆದು 6 ಪೌಂಡಿನ ದಾರವನ್ನು ಗಂಟಿನಲ್ಲೇ ಕತ್ತರಿಸಿಕೊಳ್ಳುತ್ತಿದ್ದೆ.

ಒಂದು ಅತಿಯಿಂದ ಇನ್ನೊಂದು ಅತಿಗೆ ಹಾರುವುದು ನನ್ನ ಹಳೆಯ ಚಾಳಿ. ಎರಡನೆಯ ಕೋಲನ್ನು ಸೂಕ್ಷ್ಮತೆಯ ಹೆಸರಿನಲ್ಲಿ ಕೊಂಡೆ. ಗಾಳದವರ ನಡುವೆ ಒಂದು ಪರೀಕ್ಷೆ ಚಾಲ್ತಿಯಲ್ಲಿದೆ. ಒಬ್ಬನು ಹಿಡಿಕೆ ಹಿಡಿದು ಕಣ್ಣು ಮುಚ್ಚಿಕೊಳ್ಳಬೇಕು, ಇನ್ನೊಬ್ಬನು ಕೋಲಿನ ತುದಿಯನ್ನು ಗಂಟಲಿಗೆ ತಾಗಿಸಿಕೊಂಡು ‘ಮ್‌’ ಎನ್ನಬೇಕು. ದನಿಯ ಕಂಪನ ಹಿಡಿಕೆಯವರೆಗೆ ಎಷ್ಟು ಚೆನ್ನಾಗಿ ಬರುತ್ತದೋ ಅಷ್ಟು ಸೂಕ್ಷ್ಮ ಕೋಲು ಎಂದರ್ಥ. ನನ್ನ ಪರವಾಗಿ ‘ಮ್‌’ ಎಂದವರು ನನ್ನ ಷಡ್ಡಕ. ನನ್ನ ಹೆಂಡತಿಯ ಅಕ್ಕನ ಗಂಡ, ನಾನು ಭಾವ ಎಂದು ಕರೆಯುವವರು, ನನಗೆ ಗಾಳ ಹಿಡಿಸಿದ ಪಾಪವೂ ಅವರದೇ. ನಾಲ್ಕು ಕೋಲುಗಳಿಗೆ ನಾಲ್ಕು ಸಲ, ಗಂಭೀರವಾಗಿ, ವೈದ್ಯರ ಮುಂದೆ ಕೂತವರಂತೆ ‘ಮ್‌’ ಎಂದರು. ಮೂರನೆಯದರಲ್ಲಿ ಅವರ ದನಿ ನನ್ನ ಮಣಿಕಟ್ಟಿನವರೆಗೆ ಹರಿಯಿತು. ಮೀಡಿಯಂ ಲೈಟ್, ಎಕ್ಸ್‌ಟ್ರಾ ಫಾಸ್ಟ್, 1/16ರಿಂದ 5/16 ಔನ್ಸ್. ಗರಿಯಷ್ಟು ಹಗುರ. ಅದನ್ನೇ ಆರಿಸಿದೆ. “ಮೀನು ‘ಮ್‌’ ಎನ್ನುವುದಿಲ್ಲ, ನೆನಪಿರಲಿ” ಎಂದಷ್ಟೇ ಭಾವ ಹೇಳಿದ್ದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ.

ಕೋಲಿನ ಜೊತೆಗೆ ಹುಳುವನ್ನೂ ಬದಲಿಸಿದೆ. ಆ ಹೊತ್ತಿಗೆ ಎಲ್ಲರೂ 5 ಇಂಚಿನ, ಎರಡೂ ಕಡೆ ಮೊಂಡಾದ, ಉಪ್ಪು ತುಂಬಿದ ಕಡ್ಡಿಯಂಥ ಹುಳುವಿನ ಗುಣಗಾನ ಮಾಡುತ್ತಿದ್ದರು. ಗ್ಯಾರಿ ಯಮಾಮೊಟೊ ಅವರ ಸೆಂಕೊ ಬಂದ ಮೇಲೆ ಎಲ್ಲ ಕಂಪನಿಗಳೂ ಮಾಡತೊಡಗಿದ ಬಗೆ ಅದು. ನೋಡಲು ಅದರಷ್ಟು ನೀರಸ ಪ್ರಾಣಿ ಇನ್ನೊಂದಿಲ್ಲ, ಬಾಲವಿಲ್ಲ, ಕಾಲಿಲ್ಲ. ನೀರಿನಲ್ಲಿ ಬಿಟ್ಟರೆ ಎರಡೂ ತುದಿ ಸಣ್ಣಗೆ ನಡುಗುತ್ತಾ, ತನ್ನ ಪಾಡಿಗೆ ತಾನು ಇಳಿಯುತ್ತದೆ, ಅಷ್ಟೇ. ಅದನ್ನು ಟೆಕ್ಸಸ್ ರಿಗ್ ಮಾಡಿ, ಅಂದರೆ ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯೊಳಗೇ ಅಡಗಿಸಿ, ಮುಂದೆ 1/8 ಔನ್ಸಿನ ಗುಂಡು ಹಾಕಿ ಎಸೆದೆ. ಕೋಲಿನ ಮೇಲೆ 5/16ರವರೆಗೆ ಎಂದಿದೆ, ನನ್ನ ಗುಂಡು 1/8. ಲೆಕ್ಕ ಸರಿಯಾಗಿದೆ ಎಂದು ನಾನು ನಿಶ್ಚಿಂತೆಯಿಂದ ಇದ್ದೆ. ಕೋಲು ಮಾತ್ರ ಹಿಂದಕ್ಕೆ ಬೀಸಿದಾಗ ಹಿಡಿಕೆಯವರೆಗೆ ಬಗ್ಗಿ, ಮುಂದಕ್ಕೆ ಬರಲು ಆಲಸ್ಯಪಡುತ್ತಿತ್ತು. ಆ ಹಂಗಾಮಿನಲ್ಲಿ ಕಚ್ಚಿದ ಮೀನುಗಳೇನೋ ಇದ್ದವು. ದೋಣಿಗೆ ಬಂದವು ಬೆರಳೆಣಿಕೆಯಷ್ಟೂ ಅಲ್ಲ.

ಬಿದ್ದ ಮರದ ಬಳಿ

ಆ ಬೆಳಗ್ಗೆ ಗಾಳಿ ಇರಲಿಲ್ಲ. ದಡದಿಂದ ನೀರಿಗೆ ಒರಗಿ ಬಿದ್ದ ದೊಡ್ಡ ಮರವೊಂದರ ಪಕ್ಕದಲ್ಲಿ ದೋಣಿ ನಿಲ್ಲಿಸಿದ್ದೆವು. ಮರದ ಅರ್ಧ ಕೊಂಬೆಗಳು ನೀರಿನ ಒಳಗೆ, ಅರ್ಧ ಹೊರಗೆ. ಇಬ್ಬರೂ ಒಂದೇ ಪೊಟ್ಟಣದಿಂದ ತೆಗೆದ ಒಂದೇ ಬಣ್ಣದ ಹುಳು ಕಟ್ಟಿದ್ದೆವು, ಕಪ್ಪು ಮೈ, ನೀಲಿ ಚುಕ್ಕೆ. ಅರ್ಧ ಗಂಟೆಯಲ್ಲಿ ಭಾವ ಮೂರು ಮೀನು ಹಿಡಿದು ಬಿಟ್ಟರು. ಅವರ ಕೋಲು ಯಾವ ಕಾಲದ್ದೋ, ಹಿಡಿಕೆಯ ಕಾರ್ಕ್ ಕೈ ಬೆವರಿನಿಂದ ಕಪ್ಪಾಗಿತ್ತು, ಜಾತಕದ ಅಕ್ಷರಗಳು ಅಳಿಸಿಹೋಗಿ ಒಂದೆರಡು ಮಾತ್ರ ಉಳಿದಿದ್ದವು. ನನ್ನದು ಹೊಸದು, ಮಣಿಕಟ್ಟಿನವರೆಗೆ ಗಂಟಲ ದನಿ ತಂದ ಕೋಲು. ನಾನು ಬಗ್ಗಿ, ಬೆರಳನ್ನು ದಾರಕ್ಕೆ ತಾಗಿಸಿ, ದೇಹವೆಲ್ಲ ಕಿವಿಯಾಗಿ ಕುಳಿತಿದ್ದೆ. ಏನೂ ಇಲ್ಲ. ಮೂರನೆಯ ಮೀನಿನ ಹೊತ್ತಿಗೆ ನನ್ನ ಮುಖದಲ್ಲಿ ಏನು ಕಂಡಿತೋ, ಭಾವ ತಮ್ಮ ಕೋಲನ್ನು ನನ್ನ ಮಡಿಲಿಗೆ ಇಟ್ಟು, ನನ್ನದನ್ನು ಕಸಿದುಕೊಂಡರು.

ಮುಂದಿನ ಒಂದು ಗಂಟೆಯನ್ನು ನಾನು ಈಗಲೂ ಮತ್ತೆ ಮತ್ತೆ ನೆನೆದುಕೊಳ್ಳುತ್ತೇನೆ. ನನ್ನ ಕೋಲಿನಲ್ಲಿ ಮೊದಲ ಎಸೆತವನ್ನೇ ಅವರು ನನ್ನ ಹಾಗೆ ಎಸೆಯಲಿಲ್ಲ. ತಲೆಯ ಮೇಲಿಂದ ಬೀಸದೆ, ಪಕ್ಕದಿಂದ, ತೊಟ್ಟಿಲು ತೂಗಿದಷ್ಟು ನಿಧಾನವಾಗಿ ಹುಳುವನ್ನು ಕಳುಹಿಸಿದರು. ಭಾರ ಹೆಚ್ಚಾಗಿದೆ ಎಂದು ಅವರ ಕೈಗೆ ಒಂದೇ ಸಲಕ್ಕೆ ತಿಳಿದಿತ್ತು. ಹುಳು ಕೊಂಬೆಯ ಪಕ್ಕದಲ್ಲಿ ಬಿತ್ತು. ಅವರು ರೀಲಿನ ಬೇಲನ್ನು, ಅಂದರೆ ದಾರವನ್ನು ತಡೆದು ಹಿಡಿಯುವ ತಂತಿಯನ್ನು, ಕೈಯಿಂದ ಮುಚ್ಚಿ, ಕೋಲಿನ ತುದಿಯನ್ನು ಎತ್ತಿ ಹಿಡಿದು ಸುಮ್ಮನೆ ಕುಳಿತರು. ದಾರ ಬಿಗಿಯಾಗಿರಲಿಲ್ಲ, ನೀರಿನ ಮೇಲೆ ಸಡಿಲವಾಗಿ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಆ ದಾರ ಎಡಕ್ಕೆ ನಡೆಯತೊಡಗಿತು. ಯಾರೋ ಎಳೆಯುತ್ತಿರುವ ಹಾಗಲ್ಲ, ಅದಕ್ಕೇ ಅತ್ತ ಏನೋ ಕೆಲಸವಿದೆ ಎನ್ನುವ ಹಾಗೆ. ಭಾವ ಸಡಿಲವನ್ನು ಸುತ್ತಿಕೊಂಡು ಕೋಲನ್ನು ಪಕ್ಕಕ್ಕೆ ದೀರ್ಘವಾಗಿ ಎಳೆದರು. ಕೋಲು ಕಾಮನಬಿಲ್ಲಾಯಿತು. ಮೀನು ಎದ್ದು, ನೀರಿನ ಮೇಲೆ ಒಮ್ಮೆ ತಲೆ ಒದರಿತು, ಹೋಯಿತು. ಮತ್ತೊಂದು ಕಚ್ಚಿತು, ಅದೂ ಹಾಗೆಯೇ ಹೋಯಿತು. ಹುಳುವನ್ನು ನೋಡಿದರೆ ಕೊಕ್ಕೆಯ ಮೊನೆ ಪ್ಲಾಸ್ಟಿಕ್ಕಿನ ಮೈಯಿಂದ ಪೂರ್ತಿ ಹೊರಗೇ ಬಂದಿರಲಿಲ್ಲ. “ನಿಮ್ಮ ಕೋಲು ಮಾತಿನಮಲ್ಲ. ಹೇಳುವುದೆಲ್ಲವನ್ನೂ ಹೇಳುತ್ತದೆ, ಕೆಲಸ ಕೊಟ್ಟರೆ ಬಗ್ಗಿ ಕೂರುತ್ತದೆ” ಎಂದರು.

ಅವರ ಕೋಲು ನನ್ನ ಕೈಯಲ್ಲಿತ್ತಲ್ಲ, ಅದರ ಕಥೆ ಇನ್ನೂ ಅವಮಾನದ್ದು. ಮೂರು ಮೀನು ಹಿಡಿದ ಕೋಲು ನನ್ನ ಕೈಗೆ ಬಂದು ಮುಕ್ಕಾಲು ಗಂಟೆ ಮೂಕವಾಯಿತು. ಆಗ ಭಾವ ತಿರುಗಿ ನೋಡದೆಯೇ ಹೇಳಿದರು: “ನೀವು ಬೆರಳಿನಿಂದ ನೋಡುತ್ತಿದ್ದೀರಿ. ಬೆಂಡು ಕಟ್ಟಿ ಗಾಳ ಹಾಕಿದವರಿಗೆ ಇದನ್ನು ಹೇಳಿಕೊಡಬೇಕೇ? ಇಲ್ಲಿ ದಾರವೇ ಬೆಂಡು.” ಆಮೇಲೆ ನಾನು ಬೆರಳನ್ನು ಮರೆತು, ದಾರವು ನೀರನ್ನು ಸೇರುವ ಜಾಗವನ್ನೇ ನೋಡುತ್ತಾ ಕುಳಿತೆ. ಹುಳು ಇಳಿಯುವಾಗ ದಾರ ಸುರುಳಿ ಬಿಚ್ಚುತ್ತಾ ನೀರಿಗೆ ಜಾರುತ್ತದೆ. ತಳ ಮುಟ್ಟುವ ಮೊದಲೇ ಅದು ನಿಂತಿತು. ಅಷ್ಟೇ ಆದದ್ದು, ನಿಂತಿತು. ಕೈಗೆ ಯಾವ ಸುದ್ದಿಯೂ ಬಂದಿರಲಿಲ್ಲ. ಸುತ್ತಿ ಎಳೆದೆ, ಮೀನಿತ್ತು. ದೊಡ್ಡದೇನಲ್ಲ, ಆದರೆ ಎರಡು ವರ್ಷಗಳಲ್ಲಿ ಎಷ್ಟು ಸಲ ದಾರ ಹೀಗೆ ನಿಂತಿರಬಹುದು, ನಾನು ಬೆರಳಿಗೆ ಸುದ್ದಿ ಬರಲೆಂದು ಕಾದು ಕುಳಿತಿದ್ದಾಗ ಎಷ್ಟು ಮೀನುಗಳು ಹುಳುವನ್ನು ಬಾಯಲ್ಲಿಟ್ಟು, ರುಚಿ ನೋಡಿ, ಉಗಿದು ಹೋಗಿರಬಹುದು ಎಂಬ ಲೆಕ್ಕ ತಲೆಯಲ್ಲಿ ಓಡತೊಡಗಿ, ಆ ಮೀನಿನ ಸಂತೋಷವೂ ಅರ್ಧಕ್ಕೆ ಇಳಿಯಿತು.

ಮನೆಗೆ ಬಂದು ಯೋಚಿಸಿದಾಗ ಇದು ಸರಳ ಭೌತಶಾಸ್ತ್ರ. ಕಂಪನ ಕೈಗೆ ಬರಬೇಕಾದರೆ ದಾರ ಬಿಗಿಯಾಗಿರಬೇಕು. ಆದರೆ ದಾರವನ್ನು ಬಿಗಿಯಾಗಿ ಹಿಡಿದರೆ ಹುಳು ನೇರ ಕೆಳಗಿಳಿಯುವುದಿಲ್ಲ, ಗಡಿಯಾರದ ಲೋಲಕದಂತೆ ನಮ್ಮ ಕಡೆಗೆ ತೂಗಿಕೊಂಡು ಬರುತ್ತದೆ, ಕೊಂಬೆಯ ಬುಡದಲ್ಲಿ ಕಾದಿರುವ ಮೀನಿನಿಂದ ದೂರ. ಕಡ್ಡಿ ಹುಳುವಿನ ಜೀವವೆಲ್ಲ ಆ ನೇರ ಇಳಿತದಲ್ಲಿದೆ, ನೇರ ಇಳಿತಕ್ಕೆ ಸಡಿಲ ದಾರ ಬೇಕು, ಸಡಿಲ ದಾರದಲ್ಲಿ ಜಗತ್ತಿನ ಯಾವ ಕೋಲೂ ಏನನ್ನೂ ಹೇಳಲಾರದು. ಇನ್ನು ಬ್ಯಾಸ್ ಕಚ್ಚುತ್ತದೆ ಎನ್ನುವುದೇ ನಮ್ಮ ಅಭ್ಯಾಸದ ಮಾತು. ಅದು ಬಾಯಿಯನ್ನೂ ಕಿವಿರನ್ನೂ ಒಮ್ಮೆಗೇ ಅಗಲಿಸಿ ನೀರನ್ನು ಒಳಗೆಳೆದುಕೊಳ್ಳುತ್ತದೆ, ನೀರಿನ ಜೊತೆ ಹುಳುವೂ ಒಳಗೆ ಹೋಗುತ್ತದೆ. ರೆಪ್ಪೆ ಮಿಟುಕಿಸುವಷ್ಟರಲ್ಲಿ ಮುಗಿಯುವ ಈ ಕೆಲಸದಲ್ಲಿ ಎಳೆತ ಎಂಬುದೇ ಇರಬೇಕಾಗಿಲ್ಲ. ಹಾಗೆಂದು ಸೂಕ್ಷ್ಮತೆ ಬರೀ ಜಾಹೀರಾತಿನ ಮಾತೆಂದು ನಾನು ಹೇಳುವುದಿಲ್ಲ. ಟೆಕ್ಸಸ್ ರಿಗ್ಗನ್ನು ತಳದ ಮೇಲೆ ಎಳೆದು ತರುವಾಗ ಇದು ಕಲ್ಲು, ಇದು ಮರ, ಇದು ಪಾಚಿ ಎಂದು ಬೇರ್ಪಡಿಸಿ ಹೇಳುವ ಕೋಲು ಬೇಕೇ ಬೇಕು. ಅಲ್ಲಿ ಸೀಸದ ಬದಲು ಟಂಗ್‌ಸ್ಟನ್ ಗುಂಡು ಹಾಕಿದರೆ, ಅದರ ಗಡಸುತನದಿಂದ ಕಲ್ಲಿನ ಟಕ್ ಎನ್ನುವ ಸದ್ದು ಇನ್ನೂ ಸ್ಪಷ್ಟವಾಗಿ ಬರುತ್ತದೆ. ನನ್ನ ತಪ್ಪು ಬೇರೆ. ಕೋಲಿಗೆ ಇರುವ ಮೂರು ನಾಲ್ಕು ಕೆಲಸಗಳಲ್ಲಿ ಒಂದನ್ನು ಮಾತ್ರ, ಅದೂ ಅರ್ಧ ಹೊತ್ತು ಮಾತ್ರ ನಡೆಯುವ ಕೆಲಸವನ್ನು, ಪರೀಕ್ಷೆಗೆ ಹಚ್ಚಿದ್ದೆ.

ತಕ್ಕಡಿ

ಆದರೂ ಒಂದು ಮುಳ್ಳು ಉಳಿದಿತ್ತು. “ಭಾರ ಹೆಚ್ಚಾಗಿದೆ” ಎಂದು ಭಾವನ ಕೈಗೆ ಅನ್ನಿಸಿದ್ದು ಹೇಗೆ? 5/16 ಔನ್ಸಿನ ಕೋಲು, 1/8 ಔನ್ಸಿನ ಗುಂಡು. ರಾತ್ರಿ ಊಟವಾದ ಮೇಲೆ, ಹೆಂಡತಿ ಒಳಗೆ ಇದ್ದಾಗ, ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಹುಳುವನ್ನು ಮಲಗಿಸಿದೆ. ಹೆಚ್ಚುಕಡಿಮೆ 10 ಗ್ರಾಂ. ನಂಬಿಕೆ ಬರದೆ ಇನ್ನೊಂದನ್ನು ಇಟ್ಟೆ. ಅದೂ ಅಷ್ಟೇ. ಗುಂಡಿನದು ಮೂರೂವರೆ ಗ್ರಾಂ, ಕೊಕ್ಕೆಯದು ಇನ್ನೊಂದಿಷ್ಟು. ಎಲ್ಲ ಸೇರಿ ಅರ್ಧ ಔನ್ಸಿನ ಆಸುಪಾಸು. ನನ್ನ ಕೋಲಿನ ಮೇಲ್ಮಿತಿಯಾದ 5/16 ಔನ್ಸ್ ಎಂದರೆ 9 ಗ್ರಾಮಿಗೂ ಸ್ವಲ್ಪ ಕಡಿಮೆ. ಅಂದರೆ ಗುಂಡೇ ಇಲ್ಲದೆ ಹುಳುವೊಂದನ್ನೇ ಕಟ್ಟಿದರೂ ಮಿತಿ ದಾಟುತ್ತಿತ್ತು. ನಾನು ಹಂಗಾಮು ಪೂರ್ತಿ ಮಿತಿಯ ಒಂದೂವರೆ ಪಟ್ಟಿಗೂ ಮಿಗಿಲಾದ ಭಾರವನ್ನು ಆ ಗರಿಯಂಥ ಕೋಲಿನಿಂದ ಎಸೆದಿದ್ದೆ. ಕೋಲಿನ ಮೇಲೆ ಬರೆದಿರುವುದು ಗುಂಡಿನ ತೂಕವಲ್ಲ, ದಾರದ ತುದಿಯಲ್ಲಿ ತೂಗುವ ಎಲ್ಲದರ ತೂಕ. ಹುಳು ಮೆತ್ತಗಿದೆ, ಪ್ಲಾಸ್ಟಿಕ್ಕಿನದು, ಅದಕ್ಕೇನು ತೂಕ ಎಂದು ನಾನೇ ಲೆಕ್ಕದಿಂದ ಬಿಟ್ಟಿದ್ದೆ. ಆ ಹುಳುವಿನ ಮೈಯಲ್ಲಿ ಉಪ್ಪು ಸೇರಿಸಿರುವುದೇ ಅದು ಗುಂಡಿಲ್ಲದೆ ಮುಳುಗಲಿ ಎಂಬ ಕಾರಣಕ್ಕೂ ಹೌದು ಎಂಬುದನ್ನು ಎಷ್ಟು ಸಲ ಓದಿದ್ದೆನೋ.

ಈಗ ಹುರುಪು ಬಂದು ಮೊದಲ ವರ್ಷದ ಆ ಸಣ್ಣ ಹುಳುವನ್ನೂ ಹುಡುಕಿ ತಂದು ತೂಗಿದೆ. 3 ಗ್ರಾಂ. 1/16 ಔನ್ಸಿನ ಗುಂಡು, ಕೊಕ್ಕೆ ಎಲ್ಲ ಸೇರಿದರೂ 5 ಗ್ರಾಮಿನ ಹತ್ತಿರ. ಆ ಗಡಸು ಕೋಲು ಕೇಳುತ್ತಿದ್ದ ಕನಿಷ್ಠ ತೂಕ 1/4 ಔನ್ಸ್, 7 ಗ್ರಾಂ. ಅದು ಬಳುಕದೆ ಇದ್ದದ್ದರಲ್ಲಿ ಯಾವ ಆಶ್ಚರ್ಯವೂ ಇರಲಿಲ್ಲ. ತಕ್ಕಡಿಯ ಮುಂದೆ ನಿಂತು ನಗು ಬಂತು. ದಪ್ಪ ಹುಳುವಿನ ಅರ್ಧ ಔನ್ಸಿಗೆ ಆ ಗಡಸು ಕೋಲು ಸರಿಯಾಗಿ ನಡುಮಧ್ಯದಲ್ಲಿ ಹೊಂದುತ್ತಿತ್ತು. ಸಣ್ಣ ಹುಳುವಿನ 5 ಗ್ರಾಮಿಗೆ ಈ ಗರಿಯಂಥ ಕೋಲು ಹೇಳಿ ಮಾಡಿಸಿದಂತಿತ್ತು. ಎರಡೂ ಒಳ್ಳೆಯ ಸಂಬಂಧಗಳೇ, ನಾನು ಮದುಮಕ್ಕಳನ್ನು ಅದಲುಬದಲು ಮಾಡಿ ಎರಡು ಮದುವೆ ಮಾಡಿಸಿದ್ದೆ. ಅದೇ ಹೊತ್ತಿಗೆ ಹೆಂಡತಿ ನೀರು ಕುಡಿಯಲು ಬಂದಳು. ತಕ್ಕಡಿಯ ಮೇಲೆ ಹೊಳೆಯುವ ಕಪ್ಪು ಹುಳು, ಪಕ್ಕದಲ್ಲಿ ಇನ್ನೂ ಆರು, ಕೋಣೆಯಲ್ಲೆಲ್ಲ ಅದಕ್ಕೆ ಬೆರೆಸಿದ್ದ ಸೋಂಪಿನ ವಾಸನೆ. ಅವಳು ಏನೂ ಹೇಳಲಿಲ್ಲ. ಬೆಳಗ್ಗೆ ತಕ್ಕಡಿಗೆ ಒಂದು ಚೀಟಿ ಅಂಟಿತ್ತು: “ಇದು ಹಿಟ್ಟು ತೂಗಲು.”

ಇಲ್ಲಿ ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳಬೇಕು. ಈ ಹುಳುವಿನ ತವರುಮನೆಯೇ ಅಡುಗೆಮನೆ. 1949ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಎಂಬಾತ ವಿನೈಲ್, ಎಣ್ಣೆ, ಬಣ್ಣಗಳನ್ನು ಮನೆಯ ಒಲೆಯ ಮೇಲೆ ಕಾಯಿಸಿ, ಎರೆಹುಳುವಿನ ಅಚ್ಚಿನಲ್ಲಿ ಹುಯ್ದು ಮೊದಲ ಮೆತ್ತನೆಯ ಪ್ಲಾಸ್ಟಿಕ್ ಹುಳು ಮಾಡಿದ. ಅಲ್ಲಿಂದಲೇ ಇಡೀ ವಂಶ ಬೆಳೆದದ್ದು. ಈ ಮಾತನ್ನು ಮನೆಯಲ್ಲಿ ಮಂಡಿಸಿದೆ, ಅಂಗೀಕಾರವಾಗಲಿಲ್ಲ. ಅದಕ್ಕೆ ಕಾರಣವೂ ಇತ್ತು. ಹಿಂದೊಮ್ಮೆ ಎರಡು ಬಗೆಯ ಹುಳುಗಳನ್ನು ಒಂದೇ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಮಾಮೂಲಿ ವಿನೈಲ್ ಹುಳುವಿನೊಳಗಿನ ಎಣ್ಣೆಗೂ ಹಿಗ್ಗುವ ಇನ್ನೊಂದು ಜಾತಿಯ ಪ್ಲಾಸ್ಟಿಕ್ಕಿಗೂ ಆಗಿಬರುವುದಿಲ್ಲ. ಬೇಸಿಗೆ ಕಳೆಯುವಷ್ಟರಲ್ಲಿ ಎರಡೂ ಕರಗಿ, ಬೆರೆತು, ಡಬ್ಬಿಗೂ ಅಂಟಿಕೊಂಡು, ಆ ಡಬ್ಬಿ ಇಟ್ಟಿದ್ದ ಕಪಾಟಿನ ತಟ್ಟೆಗೂ ಗುರುತು ಉಳಿಸಿದ್ದವು. ಹುಳುಗಳನ್ನು ಅವು ಬಂದ ಪೊಟ್ಟಣದಲ್ಲೇ ಇಡಿ.

ಮೂರನೆಯದು

ತೂಕ ತಿಳಿದ ಮೇಲೆ ಮೂರನೆಯ ಕೋಲಿನ ಆಯ್ಕೆ ಹದಿನೈದು ನಿಮಿಷದ ಕೆಲಸವಾಯಿತು. ನಾನು ನಿಜವಾಗಿ ಕಟ್ಟುವ ಹುಳುಗಳನ್ನೆಲ್ಲ, ಅವುಗಳ ಗುಂಡು ಮತ್ತು ಕೊಕ್ಕೆಯ ಸಮೇತ, ತೂಗಿ ಬರೆದುಕೊಂಡಿದ್ದೆ. ಹೆಚ್ಚಿನವು 6ರಿಂದ 15 ಗ್ರಾಮಿನ ಒಳಗೆ. ಮೀಡಿಯಂ ಪವರಿನ, 3/16ರಿಂದ 5/8 ಔನ್ಸ್ ಎಂದು ಬರೆದಿರುವ ಕೋಲು ಹೆಚ್ಚುಕಡಿಮೆ 5ರಿಂದ 18 ಗ್ರಾಮನ್ನು ಎಸೆಯುತ್ತದೆ. ಎರಡೂ ತುದಿಗೆ ಸ್ವಲ್ಪ ಜಾಗ ಉಳಿಯಿತು. ಕೋಲು ಮಿತಿಯ ನಡುವಿನಲ್ಲಿದ್ದಾಗ ಸುಖವಾಗಿರುತ್ತದೆ, ಎರಡು ಅಂಚುಗಳಲ್ಲಿ ಗೊಣಗುತ್ತದೆ. ಈ ಅಂಕಿಗಳಿಗೆ ಎಲ್ಲ ಕಂಪನಿಗಳಿಗೂ ಒಪ್ಪಿಗೆಯಾದ ಒಂದೇ ಅಳತೆಗೋಲು ಇಲ್ಲ ಎಂಬುದನ್ನೂ ನೆನಪಿಡಬೇಕು. ಒಬ್ಬರ ಮೀಡಿಯಂ ಇನ್ನೊಬ್ಬರ ಮೀಡಿಯಂ ಲೈಟ್. ಆದ್ದರಿಂದ ಪವರಿನ ಹೆಸರಿಗಿಂತ ಔನ್ಸಿನ ಅಂಕಿಯನ್ನೇ ನಾನು ಹೆಚ್ಚು ನಂಬುತ್ತೇನೆ.

ಆಕ್ಷನ್ ವಿಷಯದಲ್ಲಿ ಫಾಸ್ಟ್ ಸಾಕು. ಮೇಲಿನ ಮೂರನೆಯ ಒಂದು ಭಾಗ ಬಗ್ಗಿ, ಅದರ ಕೆಳಗೆ ಬೆನ್ನೆಲುಬು ಸಿಗಬೇಕು. ಟೆಕ್ಸಸ್ ರಿಗ್ಗಿನಲ್ಲಿ ಕೊಕ್ಕೆ ಮೊದಲು ಹುಳುವಿನ ಮೈಯನ್ನು ಸೀಳಿ ಹೊರಬರಬೇಕು, ಆಮೇಲೆ ಮೀನಿನ ಬಾಯಿಗೆ ಇಳಿಯಬೇಕು. ಇದಕ್ಕೆ ಬೇಕಾದ ಬಲ ಆ ಬೆನ್ನೆಲುಬಿನಿಂದ ಬರುತ್ತದೆ. ನಾನು ಮಾಡಿಕೊಂಡ ಇನ್ನೊಂದು ರಾಜಿ ಎಂದರೆ ಕೊಕ್ಕೆಯನ್ನು ತೆಳುವಾದ ತಂತಿಯ 3/0 ಗಾತ್ರಕ್ಕೆ ಇಳಿಸಿ, ಮೊನೆಯನ್ನು ಹುಳುವಿನ ಹೊಟ್ಟೆಯಲ್ಲಿ ಹೂಳದೆ ಬೆನ್ನಿನ ಚರ್ಮದ ಕೆಳಗೆ ಮಾತ್ರ ತೂರಿಸುವುದು. ಪಾಚಿ ಅಂಟುವುದಿಲ್ಲ, ಎಳೆದಾಗ ಮೊನೆ ಸಲೀಸಾಗಿ ಹೊರಬರುತ್ತದೆ. ದಪ್ಪ ತಂತಿಯ ದೊಡ್ಡ ಕೊಕ್ಕೆಯನ್ನು ಸ್ಪಿನ್ನಿಂಗ್ ಕೋಲಿನಿಂದ ಇಳಿಸಲು ಹೆಣಗುವವರನ್ನು ನೋಡಿದರೆ ಹೇಳಬೇಕೆನಿಸುತ್ತದೆ, ಕೋಲು ಬದಲಿಸುವ ಮೊದಲು ಕೊಕ್ಕೆ ಬದಲಿಸಿ ನೋಡಿ. ವ್ಯಾಕಿ ರಿಗ್ಗಿನಲ್ಲಂತೂ, ಹುಳುವಿನ ನಡುವಿಗೆ ಕೊಕ್ಕೆ ಚುಚ್ಚಿ ಮೊನೆಯನ್ನು ಬಯಲಲ್ಲೇ ಬಿಡುವುದರಿಂದ, ಬಲದ ಪ್ರಶ್ನೆಯೇ ಇಲ್ಲ. ಸುತ್ತುತ್ತಾ ಹೋಗಿ ಕೋಲು ಎತ್ತಿದರೆ ಆಯಿತು.

ಉದ್ದ 7 ಅಡಿ. ದೋಣಿಯಲ್ಲಿ ನಿಂತು ಸಡಿಲ ದಾರದಲ್ಲಿ ಆಟವಾಡುವವನಿಗೆ ಒಂದೇ ಬೀಸಿನಲ್ಲಿ ಹೆಚ್ಚು ಸಡಿಲವನ್ನು ಎಳೆದುಕೊಳ್ಳುವ ಉದ್ದ ಬೇಕಾಗುತ್ತದೆ. ದಡದಲ್ಲಿ ಪೊದೆಗಳ ನಡುವೆ ನುಸುಳುವವರಿಗೆ, ಕೂತು ಎಸೆಯುವವರಿಗೆ 6 ಅಡಿ 6 ಇಂಚು ಹಿತ. ಇದಕ್ಕಿಂತ ಹೆಚ್ಚು ಇದರ ಬಗ್ಗೆ ಹೇಳಲು ನನಗೆ ಏನೂ ಇಲ್ಲ, ಜನ ಈ ಆರು ಇಂಚಿನ ಬಗ್ಗೆ ಜಗಳವಾಡುವುದು ನನಗೆ ಅರ್ಥವಾಗುವುದಿಲ್ಲ.

ಕಾರ್ಬನ್ನಿನ ಅಂಕಿಗಳ ಬಗ್ಗೆ ಮಾತ್ರ ಸ್ವಲ್ಪ ಹೊತ್ತು ಸಿಟ್ಟಾಗಲು ಅವಕಾಶ ಕೊಡಿ. ಐಎಂ6, ಐಎಂ7, ಐಎಂ8 ಎಂದು ಕೋಲಿನ ಮೇಲೆ ಹೊಳೆಯುವ ಅಕ್ಷರಗಳಲ್ಲಿ ಬರೆದಿರುತ್ತಾರೆ. ಶಾಲೆಯ ತರಗತಿಗಳಂತೆ 8 ಎಂದರೆ 6ಕ್ಕಿಂತ ಮೇಲಿನದು ಎಂದು ನಾನು ನಂಬಿದ್ದೆ. ಮೂಲದಲ್ಲಿ ಅದು ಹೆಕ್ಸೆಲ್ ಕಂಪನಿಯ ಕಾರ್ಬನ್ ನೂಲುಗಳ ವ್ಯಾಪಾರದ ಹೆಸರು. ಕೋಲಿನ ದರ್ಜೆಯನ್ನು ಹೇಳುವ ಸಾರ್ವತ್ರಿಕ ಮಾನದಂಡವಲ್ಲ. ಹೆಚ್ಚು ಬಿಗಿಯಾದ ನೂಲಿನಿಂದ ಹಗುರವಾದ, ಚುರುಕಾದ ಕೋಲು ಮಾಡಬಹುದು, ನಿಜ. ಆದರೆ ಗೋಡೆ ತೆಳುವಾದಷ್ಟೂ ಅದು ಏಟಿಗೆ ಹೆದರುತ್ತದೆ. ದೋಣಿಯ ಪಕ್ಕಕ್ಕೆ ಬಂದ ಮೀನನ್ನು ಎತ್ತಲು ಕೋಲನ್ನು ನೆಟ್ಟಗೆ ತಲೆಯ ಹಿಂದಕ್ಕೆ ಬಗ್ಗಿಸಿದರೆ ಭಾರವೆಲ್ಲ ತುದಿಯ ಮೇಲೆ ಬಿದ್ದು ಚಟ್ಟೆಂದು ಮುರಿಯುತ್ತದೆ. ಸೀಸದ ಗುಂಡು ಒಮ್ಮೆ ತಗುಲಿ ಆದ ಕಾಣದ ಗಾಯ ತಿಂಗಳಾದ ಮೇಲೆ ಒಂದು ಸಾದಾ ಎಸೆತದಲ್ಲಿ ಬಾಯಿ ಬಿಡುತ್ತದೆ. ಮಳೆ ಗುಡುಗಿನ ಹೊತ್ತಿನಲ್ಲಿ 7 ಅಡಿಯ ಕಾರ್ಬನ್ ಕಡ್ಡಿ ಹಿಡಿದು ನೀರಿನ ನಡುವೆ ನಿಲ್ಲಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ, ಅದರಲ್ಲಿ ವಿದ್ಯುತ್ ಹರಿಯುತ್ತದೆ.

ಅದರ ಬದಲು ನಾನು ಈಗ ನೋಡುವುದು ಎರಡು ಸಣ್ಣ ಸಂಗತಿ. ಒಂದು ಸಮತೋಲ. ನನ್ನ 2500 ಗಾತ್ರದ ರೀಲನ್ನೇ ಕೋಲಿಗೆ ಸಿಕ್ಕಿಸಿ, ರೀಲಿನ ಕಾಲಿನ ಮುಂದೆ ಒಂದು ಬೆರಳಿನ ಮೇಲೆ ನಿಲ್ಲಿಸಿ ನೋಡುತ್ತೇನೆ. ಹುಳುವಿನ ಗಾಳದಲ್ಲಿ ದಿನವಿಡೀ ತುದಿಯನ್ನು ಎತ್ತಿ ಹಿಡಿದಿರಬೇಕು. ತುದಿ ಭಾರವಾದ ಕೋಲು ಎಷ್ಟೇ ಹಗುರವಾಗಿರಲಿ, ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ಸೋಲುತ್ತದೆ, ಸೋತ ಕೈ ತುದಿಯನ್ನು ಇಳಿಸುತ್ತದೆ, ಕಣ್ಣು ದಾರವನ್ನು ಬಿಡುತ್ತದೆ. ಇನ್ನೊಂದು ಗೈಡುಗಳ, ಅಂದರೆ ಕೋಲಿನ ಮೇಲೆ ದಾರ ಹಾಯುವ ಕೊಂಡಿಗಳ, ಒಳಬಳೆ. ಹೆಣೆದ ದಾರ ಕಟ್ಟುವವರು ಒಂದು ಹತ್ತಿಯ ಕಡ್ಡಿಯನ್ನು ಪ್ರತಿ ಬಳೆಯೊಳಗೆ ತಿರುಗಿಸಿ ನೋಡಬೇಕು. ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಬಿರುಕು ಇದೆ, ಮುಂದೆ ದಾರವೂ ಅಲ್ಲೇ ಹರಿಯುತ್ತದೆ. ‘ಮ್‌’ ಎನ್ನುವ ಪರೀಕ್ಷೆಯನ್ನು ಬಿಟ್ಟಿಲ್ಲ. ಅದು ಭಾವನಿಗೆ ಅಭ್ಯಾಸವಾಗಿ ಹೋಗಿದೆ.

ದಾರದ ಮಾತು ಬಂದದ್ದರಿಂದ ಹೇಳುತ್ತೇನೆ, ಕೋಲಿನ ಅರ್ಧ ಗುಣ ದಾರದ್ದು. ಮೋನೊ, ಅಂದರೆ ಒಂದೇ ಎಳೆಯ ದಾರ, ಹಿಗ್ಗುತ್ತದೆ, ದೂರದಲ್ಲಿ ಕೊಕ್ಕೆ ಇಳಿಸುವಾಗ ಎಳೆತದ ಒಂದು ಪಾಲನ್ನು ಅದೇ ನುಂಗುತ್ತದೆ. ನಾನು ಈಗ 10 ಪೌಂಡಿನ ಹೆಣೆದ ದಾರಕ್ಕೆ 8 ಪೌಂಡಿನ ಫ್ಲೋರೋಕಾರ್ಬನ್ ಲೀಡರನ್ನು, ಅಂದರೆ ಕೊಕ್ಕೆಯ ಕಡೆಯ ತುಂಡು ದಾರವನ್ನು, ಗಂಟು ಹಾಕುತ್ತೇನೆ. ಹೆಣೆದ ದಾರ ಹಿಗ್ಗುವುದಿಲ್ಲ, ತೇಲುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಕಣ್ಣಿಗೆ ಕಾಣುವ ಬಣ್ಣದಲ್ಲಿ ಸಿಗುತ್ತದೆ. ನನ್ನದು ನಿಂಬೆಹಣ್ಣಿನ ಹಳದಿ. ಬೆಂಡು ಬೇಕೆಂದವನಿಗೆ ಇಪ್ಪತ್ತು ಮೀಟರ್ ಉದ್ದದ ಬೆಂಡು. ಹಿಗ್ಗದ ದಾರ ಬಂದ ಮೇಲೆ ಕೊಡಲಿ ಬೀಸುವುದನ್ನು ನಿಲ್ಲಿಸಬೇಕಾಯಿತು. ಭಾವನ ಹಾಗೆ ಸಡಿಲ ಸುತ್ತಿಕೊಂಡು, ಪಕ್ಕಕ್ಕೆ ಉದ್ದಕ್ಕೆ ಎಳೆಯುವುದನ್ನು ಕಲಿತೆ. ರೀಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಡುವ ಬಿಗಿಯನ್ನು, ಒಂದು ಸುತ್ತು ಸಡಿಲವಿಟ್ಟೆ.

ಮೊದಲ ಎರಡು ಕೋಲುಗಳನ್ನು ಮಾರಲಿಲ್ಲ. ಗರಿಯಂಥದ್ದಕ್ಕೆ ಈಗ ಸಣ್ಣ ಹುಳು ಮತ್ತು ಡ್ರಾಪ್ ಶಾಟ್ ಕೊಟ್ಟಿದ್ದೇನೆ. ಕೊಕ್ಕೆ ಮೇಲೆ, ಗುಂಡು ಕೆಳಗೆ, ಇರುವ ಜಾಗದಲ್ಲೇ ತುದಿ ನಡುಗಿಸುವ ಆ ಕೆಲಸದಲ್ಲಿ ದಾರ ಬಿಗಿಯಾಗಿಯೇ ಇರುತ್ತದೆ, ಕೋಲು ಹೇಳುವುದನ್ನೆಲ್ಲ ಹೇಳುತ್ತದೆ, ನಾನೂ ಕೇಳುತ್ತೇನೆ. ಗಡಸಿನದು ದಪ್ಪ ಹುಳುವಿನ ಜೊತೆ ದಟ್ಟ ಪಾಚಿಯ ಅಂಚಿಗೆ ಹೋಗುತ್ತದೆ, 6 ಪೌಂಡಿನ ದಾರವಿಲ್ಲದೆ.

ಕಳೆದ ವಾರ ಭಾವ ಫೋನ್ ಮಾಡಿದರು. ಅವರ ಆ ಹಳೆಯ ಕೋಲು, ಅಷ್ಟು ಮೀನುಗಳಿಗೆ ಬಗ್ಗಿಯೂ ಮುರಿಯದಿದ್ದದ್ದು, ಕಾರಿನ ಬಾಗಿಲಿಗೆ ಸಿಕ್ಕಿ ತುದಿ ಕಳೆದುಕೊಂಡಿತ್ತು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವರು, ತಮಗೆ ಈ ಅಂಕಿ ಅಂಶವೆಲ್ಲ ತಿಳಿಯುವುದಿಲ್ಲ, ನೀವು ಮೂರು ಕೊಂಡವರು, ಹೊಸದು ಯಾವುದು ತೆಗೆದುಕೊಳ್ಳಲಿ ಎಂದು ಕೇಳಿದರು. ಇಂಥ ಪ್ರಶ್ನೆ ಅವರಿಂದ ಬರಲೆಂದು ನಾನು ಎಷ್ಟು ಕಾಲ ಕಾದಿದ್ದೆನೋ. ದನಿಯನ್ನು ಆದಷ್ಟು ಸಾಮಾನ್ಯವಾಗಿಟ್ಟುಕೊಂಡು ಕೇಳಿದೆ:

“ಯಾವ ಹುಳು ಕಟ್ಟುತ್ತೀರಿ ಭಾವ?”

“ಅದೇ, ಕಪ್ಪು. ಐದು ಇಂಚಿನದು.”

“ತೂಗಿದ್ದೀರಾ?”

ಆ ಕಡೆ ಕಪಾಟು ತೆರೆದ ಸದ್ದು, ಪಾತ್ರೆ ಸರಿದ ಸದ್ದು, ಒಂದು ಪೊಟ್ಟಣ ಹರಿದ ಸದ್ದು. ಆಮೇಲೆ, ದೂರದಿಂದ, ನನ್ನ ಹೆಂಡತಿಯ ಅಕ್ಕನ ದನಿ: “ಆ ತಕ್ಕಡಿಯ ಮೇಲೆ ಏನದು?”